ಉತ್ತರದ ಮಗ್ಗುಲು

“ಮತ್ತೆ ಅದೇ ಗುಡ್ಡವಾ?” ಎಂದರು ಹಲ್ಲಿನ ಡಾಕ್ಟರು ಫೋನಿನಲ್ಲಿ.

“ಅದೇ. ಆದರೆ ಈ ಸಲ ಉತ್ತರದ ಮಗ್ಗುಲು. ಶನಿವಾರ ಬೆಳಿಗ್ಗೆ ಹೊರಟರೆ ಭಾನುವಾರ ಸಂಜೆಗೆ ಮನೆ. ಹಗ್ಗ ನಿಮ್ಮದೇ ತರಬೇಕು.”

ಎದುರಿಗೆ ಗಿರಾಕಿಯೊಬ್ಬರು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಗೋಡೆಯ ಮೇಲಿನ ಅಕ್ಷರಗಳನ್ನು ಓದಲು ಅಪ್ಪಣೆಗಾಗಿ ಕಾಯುತ್ತಿದ್ದರು. ಕನ್ನಡಕದಂಗಡಿಯ ಒಡತಿ ಅವರಿಗೆ ‘ಒಂದ್ನಿಮಿಷ’ ಎಂದು ಬೆರಳು ತೋರಿಸಿದಳು.

“ಈ ವಾರ ಕಷ್ಟ ಕಣಮ್ಮ. ನಮ್ಮ ನಾದಿನಿ ಬರ್ತಾಳೆ.”

“ಹೋದ ವಾರವೂ ಅವರೇ ಬಂದಿದ್ದರಲ್ಲ?”

ಡಾಕ್ಟರು ಕೆಮ್ಮಿದರು. “ಮಳೆಗಾಲ ಕಳೀಲಿ. ಗುಡ್ಡ ಹಸಿರಾಗಿರುತ್ತೆ. ಆಗ ನಿಧಾನವಾಗಿ ಹೋಗೋಣ.”

“ಹುಲ್ಲು ಎದೆಯೆತ್ತರ ಬೆಳೆದ ಮೇಲೆ ಹೋಗಿ ಏನು ಪ್ರಯೋಜನ?”

“ನೋಡ್ತೀನಿ,” ಎಂದು ಡಾಕ್ಟರು ಫೋನಿಟ್ಟರು. ನೋಡ್ತೀನಿ ಎಂದರೆ ಬರುವುದಿಲ್ಲ ಎಂದೇ ಅರ್ಥ. ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗುವುದೆಂದರೆ ಇದೇ. ಒಂದನ್ನು ಹಿಡಿದು ಕೂರಿಸುವಷ್ಟರಲ್ಲಿ ಇನ್ನೊಂದು ನೆಗೆದಿರುತ್ತದೆ.

ಮೊದಮೊದಲು ಒಂದು ವ್ಯಾನ್ ಸಾಲದೆ ಎರಡು ತರಿಸಬೇಕಾಗುತ್ತಿತ್ತು. ನಾನೂ ಬರ್ತೀನಿ, ನಾನೂ ಬರ್ತೀನಿ ಎಂದು ಬೀದಿಗೆ ಬೀದಿಯೇ ಬೂಟು ಕಟ್ಟಿ ನಿಂತಿತ್ತು. ಈಗ ಒಬ್ಬರಿಗೆ ಸೊಂಟ, ಇನ್ನೊಬ್ಬರಿಗೆ ಗೃಹಪ್ರವೇಶ, ಮತ್ತೊಬ್ಬರಿಗೆ ಮಗುವಿನ ಪರೀಕ್ಷೆ. ಕುಣಿಯಲಾರದವರಿಗೆ ನೆಲ ಯಾವಾಗಲೂ ಡೊಂಕೇ.

ಅವಳ ಕಟ್ಟುನಿಟ್ಟೂ ಜನರಿಗೆ ಬೇಸರ ತಂದಿತ್ತೇನೋ. ಒಬ್ಬರ ಹಿಂದೊಬ್ಬರು ನಡೆಯುವಂತಿಲ್ಲ. ಒಂದು ಕೈಯಳತೆ ಅಂತರ ಬಿಟ್ಟು ಅಕ್ಕಪಕ್ಕದಲ್ಲೇ ನಡೆಯಬೇಕು. ಹಾಡು, ಹರಟೆ ಇಲ್ಲ. “ಇಷ್ಟು ಸಲ ಬಂದರೂ ತುದಿ ಮಾತ್ರ ಮುಟ್ಟಲಿಲ್ಲ ನೋಡಿ,” ಎಂದು ವ್ಯಾನಿನ ಹಿಂದಿನ ಸೀಟಿನಲ್ಲಿ ಯಾರೋ ಗೊಣಗಿದ್ದು ಅವಳ ಕಿವಿಗೆ ಬಿದ್ದಿತ್ತು. ಅವಳು ತಿರುಗಿಯೂ ನೋಡಿರಲಿಲ್ಲ.

ಉದ್ದಣ್ಣ ಫೋನೇ ಎತ್ತಲಿಲ್ಲ. ವೈರಿಂಗ್ ಕೆಲಸದವನು. ಬಂಡೆಗೆ ಹಲ್ಲಿಯಂತೆ ಅಂಟುವವನು ಆ ತಂಡದಲ್ಲಿ ಅವನೊಬ್ಬನೇ. ಅವಳು ಮಧ್ಯಾಹ್ನ ಅಂಗಡಿ ಮುಚ್ಚಿ ಅವನು ಕೆಲಸ ಮಾಡುತ್ತಿದ್ದ ಹೊಸ ಕಟ್ಟಡಕ್ಕೇ ಹೋದಳು. ಅವನು ಏಣಿಯ ಮೇಲಿದ್ದ.

“ಉತ್ತರದ ಮಗ್ಗುಲಿನ ಕೊರಕಲಿಗೆ ಹಗ್ಗ ಬಿಟ್ಟು ಇಳೀಬೇಕು. ನೀನಿಲ್ಲದೆ ಆಗಲ್ಲ.”

“ಅಕ್ಕ, ಆ ಕೊರಕಲಿಗೆ ಯಾರೂ ಇಳಿದಿಲ್ಲ. ಕೆಳಗೆ ಏನಿದೆಯೋ ಯಾರಿಗೆ ಗೊತ್ತು?”

“ಅದಕ್ಕೇ ಇಳೀಬೇಕು.”

ಉದ್ದಣ್ಣ ಗೋಡೆಯ ತೂತಿನಿಂದ ವೈರು ಎಳೆಯುತ್ತಲೇ ಇದ್ದ. ಏಣಿಯಿಂದ ಇಳಿಯಲಿಲ್ಲ. ಅವಳು ಕತ್ತೆತ್ತಿ ನಿಂತು ನಿಂತು, ಕುತ್ತಿಗೆ ನೋಯತೊಡಗಿದ ಮೇಲೆ ಹೊರಟಳು.

ಸಂಜೆ ಅಂಗಡಿಗೆ ಮೈದುನ ಬಂದ. ಬಂದವನೇ ಕುರ್ಚಿಯ ತುದಿಯಲ್ಲಿ ಕೂತ. ಸುದ್ದಿ ಒಳ್ಳೆಯದಲ್ಲ ಎಂದು ಆ ಕೂತ ರೀತಿಯೇ ಹೇಳಿತು.

“ಅತ್ತಿಗೆ, ಅಮ್ಮ ಹೇಳಿ ಕಳಿಸಿದಳು. ಇನ್ನಾದರೂ ಮನೇಲಿ ಕೂರಬೇಕಂತೆ. ನೆಂಟರ ಬಾಯಿ ಮುಚ್ಚಿಸಿ ಮುಚ್ಚಿಸಿ ಅವಳಿಗೂ ಸಾಕಾಗಿದೆ.”

“ನೆಂಟರಿಗೇನಂತೆ ಕಷ್ಟ?”

“ವಾರ ವಾರ ಗುಡ್ಡ ಸುತ್ತೋ ಸೊಸೆ ಅಂತಾರೆ. ಮನೇಲಿ ಮಾಡಬೇಕಾದ್ದೆಲ್ಲ ಹಾಗೇ ನಿಂತಿದೆ ಅಂತಾರೆ.”

“ನಿಲ್ಲಲಿ. ನೀನು ಬರ್ತೀಯೋ ಇಲ್ವೋ, ಅಷ್ಟು ಹೇಳು.”

“ಕಾಲು ನೋಯ್ತಿದೆ.”

“ಕಾಲೋ, ಮನಸ್ಸೋ?”

ಅವನು ಗಾಜಿನ ಕಪಾಟಿನ ಕಡೆ ಮುಖ ತಿರುಗಿಸಿದ. ಅವಳ ಕೈಯಲ್ಲಿದ್ದ ಕನ್ನಡಕದ ಕಡ್ಡಿ ಪಟ್ಟನೆ ಮುರಿಯಿತು. ನಾಳೆ ಬೆಳಿಗ್ಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದ ಕನ್ನಡಕ. ಅವಳು ಎರಡೂ ತುಂಡುಗಳನ್ನು ಮೇಜಿನ ಮೇಲಿಟ್ಟು, “ಹೋಗು, ಶಟರ್ ಎಳೀಬೇಕು,” ಎಂದಳು.

ಶನಿವಾರ ಬೆಳಿಗ್ಗೆ ವ್ಯಾನ್ ಬಂತು. ಜನ ಬರಲಿಲ್ಲ.

ಮಾಮೂಲಿ ಡ್ರೈವರ್ ರಜೆ ಹಾಕಿದ್ದರಿಂದ ಹೊಸಬನೊಬ್ಬ ಬಂದಿದ್ದ. ಬಾಯಿಗೆ ಬಿಡುವಿಲ್ಲದವನು. “ಮಿಕ್ಕವರೆಲ್ಲ ಎಲ್ಲಕ್ಕ? ಇಷ್ಟು ದೊಡ್ಡ ಗಾಡಿ ನಿಮ್ಮೊಬ್ಬರಿಗೇನಾ?” ಎಂದ. ಅವಳು ಮುಂದಿನ ಸೀಟಿನಲ್ಲಿ ಕೂತಳು. ಬೀದಿಯ ಎರಡೂ ತುದಿ ನೋಡಿದಳು. ಹಾಲಿನವನು ಹೋದ, ನಾಯಿ ಹೋಯಿತು. ಕೊನೆಗೆ, “ನಡಿ,” ಎಂದಳು.

ತಿರುವಿನಲ್ಲಿ ಉದ್ದಣ್ಣ ನಿಂತಿದ್ದ. ಹೆಗಲ ಮೇಲೆ ಸುರುಳಿ ಸುತ್ತಿದ ಹಗ್ಗ. ಪಕ್ಕದಲ್ಲಿ ನಿದ್ದೆಗಣ್ಣಿನ ಡಾಕ್ಟರು. ಸ್ವಲ್ಪ ಹಿಂದೆ, ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಕುಂಟುತ್ತ ಮೈದುನ.

“ಒಂದು ಫೋನ್ ಮಾಡೋಕೆ ಏನಾಗಿತ್ತು ನಿಮಗೆ?” ಎಂದು ಅವಳು ರೇಗಿದಳು.

ಮೂವರೂ ಒಬ್ಬೊಬ್ಬರಾಗಿ ಹತ್ತಿ ಕೂತರು. ಮೈದುನ ಕಿಟಕಿಯ ಕಡೆ ನೋಡುತ್ತ, “ಅಮ್ಮನೇ ಎಬ್ಬಿಸಿ ಕಳಿಸಿದಳು,” ಎಂದ. ಅವಳು ತಲೆಯಾಡಿಸಿದಳು.

ಊರು ದಾಟಿತು. ದೂರದಲ್ಲಿ ಗುಡ್ಡ ಕಾಣತೊಡಗಿತು. ಡ್ರೈವರನಿಗೆ ಮೌನ ಸಹಿಸಲಾಗಲಿಲ್ಲ.

“ಪಿಕ್‌ನಿಕ್ಕಿಗೆ ಹೊರಟವರು ಯಾರಾದರೂ ಹಿಂಗೆ ಕೂತಿರ್ತಾರಾ? ನನ್ನ ಕೇಳಿದ್ದರೆ ಈ ಬಿಸಿಲಿಗೆ ತಣ್ಣಗೆ ಸಮುದ್ರದ ಕಡೆ ಕರ್ಕೊಂಡು ಹೋಗ್ತಿದ್ದೆ. ಆ ಒಣ ಗುಡ್ಡದಲ್ಲಿ ಅಂಥದ್ದೇನಿದೆ ಅಕ್ಕ?”

“ನನ್ನ ಗಂಡ ಇದ್ದಾರಪ್ಪ,” ಎಂದಳು ಅವಳು. “ಚಳಿಗಾಲದಲ್ಲಿ ಒಬ್ಬರೇ ಹತ್ತೋಕೆ ಹೋದವರು ಇಳಿದು ಬರಲಿಲ್ಲ. ಪೊಲೀಸರು ಹುಡುಕೋದು ನಿಲ್ಲಿಸಿದರು, ನಾವಿನ್ನೂ ನಿಲ್ಲಿಸಿಲ್ಲ.”