ಮಾಲೀಕರಿಗೆ ಮಾತ್ರ

"ತಗೊಳ್ಳಿ, ಪುಕ್ಕಟೆ," ಎಂದು ಮಾವ ಸೊಸೆ ಮಾಡಿದ ತಿಂಡಿಯ ತಟ್ಟೆಯನ್ನು ದರ್ಜಿಯ ಮೂಗಿನ ಕೆಳಗೇ ಹಿಡಿದರು. ದರ್ಜಿ ಕೈ ಚಾಚಿದ. "ಮೈದಾ ಇಲ್ಲ," ಎಂದರು ಮಾವ. ಕೈ ನಿಧಾನವಾಯಿತು. "ಬೆಣ್ಣೆ ಇಲ್ಲ, ಹಾಲಿಲ್ಲ." ಕೈ ನಿಂತಿತು. "ಸಕ್ಕರೆ ಕೂಡ ಇಲ್ಲ," ಎಂದು ಸಾವಿನ ಸುದ್ದಿ ತಿಳಿಸುವ ದನಿಯಲ್ಲಿ ಮುಗಿಸಿದರು. ದರ್ಜಿ ಅದೇ ಕೈಯಿಂದ ತಲೆ ಕೆರೆದುಕೊಂಡು, ಎಂದಿನ ಬನ್ನು ಕಟ್ಟಿಸಿಕೊಂಡು ನಡೆದ.

ಒದ್ದೆ ಬಟ್ಟೆ ಹಿಡಿದು ಶೋಕೇಸು ಒರೆಸುತ್ತಿದ್ದ ಸೊಸೆ ಎಲ್ಲವನ್ನೂ ನೋಡಿದಳು. ಆ ಬೇಕರಿಯಲ್ಲಿ ಹೊಸ ತಿಂಡಿಗೆ ಇರುವುದು ಒಂದೇ ಪರೀಕ್ಷೆ. ಬೆಳಗಿನ ಬ್ರೆಡ್ಡು ಒಲೆಯಿಂದ ಇಳಿದಾಗ ತಟ್ಟೆಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಡಬೇಕು. ಮಧ್ಯಾಹ್ನದ ಬ್ರೆಡ್ಡು ಇಳಿಯುವುದರೊಳಗೆ ತಟ್ಟೆ ಖಾಲಿಯಾದರೆ ಶೋಕೇಸಿನಲ್ಲಿ ಜಾಗ. ಒಂದು ತುಂಡು ಉಳಿದರೂ ಇಲ್ಲ. ಮಾವನ ಅಪ್ಪ ಮಾಡಿಟ್ಟ ನಿಯಮ. ಮಾವನ ಶುಂಠಿ ಬಿಸ್ಕತ್ತೇ ಎರಡು ಸಲ ನಪಾಸಾಗಿ, ಮೂರನೇ ಸಲ ಜಾಗ ಪಡೆದಿತ್ತು.

ಸೊಸೆಗೆ ಆ ಜಾಗ ಬೇಕೇ ಬೇಕಿತ್ತು. ಗೋಧಿಯ ಗ್ಲುಟೆನ್ ಎಂಬ ಅಂಟು ಹೊಟ್ಟೆಗಾಗದು, ಹಾಲು ಮೈಗಾಗದು ಎಂದು ಡಾಕ್ಟರು ಹೇಳಿದ್ದು ಅವಳು ಬೇಕರಿ ಮನೆಗೆ ಸೊಸೆಯಾಗಿ ಬಂದ ಮೇಲೆ. ಅಂದಿನಿಂದ ಆ ಗಾಜನ್ನು ದಿನಾ ಒರೆಸುತ್ತಾಳೆ, ಒಳಗಿರುವ ಒಂದನ್ನೂ ಬಾಯಿಗಿಡುವ ಹಾಗಿಲ್ಲ. ಮಹಡಿಯ ಮೇಲಿನ ಅಡುಗೆಮನೆಯಲ್ಲಿ, ಮೈದಾ ಸೋಕದ ತನ್ನದೇ ಪಾತ್ರೆಯಲ್ಲಿ, ಬಾದಾಮಿ ಪುಡಿ, ಕಳಿತ ಬಾಳೆಹಣ್ಣು, ಕೋಕೋ ಕಲಸಿ, ನಡುವೆ ಅರೆದ ಖರ್ಜೂರ ತುಂಬಿ ಬೇಯಿಸಿದ್ದಳು. ಕೆಲವು ಸಲ ಇಟ್ಟಿಗೆಯಾಗಿ, ಕೆಲವು ಸಲ ಕೆಸರಾಗಿ, ಕೊನೆಗೂ ಚೌಕವಾಗಿ ಕತ್ತರಿಸುವ ಹಾಗೆ ಬಂದಿತ್ತು.

"ಮಾವ, ಹಾಗೆ ಹೇಳಿದ್ರೆ ಯಾರು ತಗೋತಾರೆ?"

"ಇಲ್ಲದ್ದನ್ನ ಇಲ್ಲ ಅಂದೆ. ಸುಳ್ಳು ಹೇಳ್ಲಾ?"

"ಇರೋದನ್ನೂ ಹೇಳಿ."

"ಏನಿದೆ ಹೇಳೋಕೆ? ಗ್ಲುಟೆನ್ ಇಲ್ಲವಂತೆ! ನಲವತ್ತು ವರ್ಷ ಹಿಟ್ಟು ನಾದಿದೀನಿ, ಆ ಪುಣ್ಯಾತ್ಮ ಒಂದು ದಿನಾನೂ ನನ್ನ ಕಣ್ಣಿಗೆ ಬಿದ್ದಿಲ್ಲ."

"ನೀವಾದ್ರೂ ಒಂದು ತಿಂದು ನೋಡಿ."

"ಹಲ್ಲು ಕಟ್ಟಿಸಿದ್ದು ಕಣಮ್ಮ. ಬನ್ನು ತಿನ್ನೋಕೆ ಅಂತಲೇ ಕಟ್ಟಿಸಿದ್ದು."

ಹಿತ್ತಲಲ್ಲಿ ಮೈದಾ ಗಾಡಿ ಬಂದು ನಿಂತಿತು. ಪ್ರತಿ ಮೂಟೆಗೂ ಮೊಣಕೈವರೆಗೆ ಕೈ ಹಾಕಿ, ಮೂಸಿ, ಜಗಳವಾಡದೆ ಇಳಿಸಿಕೊಳ್ಳುವವರಲ್ಲ ಮಾವ. ಅವರು ಅತ್ತ ಹೋದದ್ದೇ ತಡ, ಸೊಸೆ ಬಿಸ್ಕತ್ತು ಡಬ್ಬದ ರಟ್ಟು ಹರಿದು, ದಪ್ಪ ಅಕ್ಷರಗಳಲ್ಲಿ 'ಮಾಲೀಕರಿಗೆ ಮಾತ್ರ, ಯಾರೂ ಮುಟ್ಟಬಾರದು' ಎಂದು ಬರೆದು, ತಟ್ಟೆಗೆ ಜಾಲರಿ ಮುಚ್ಚಿ, ಅದಕ್ಕೊರಗಿಸಿ ನಿಲ್ಲಿಸಿದಳು.

"ಇದೇನಿದು?" ಬಿಳಿ ತೋಳುಗಳ ಮಾವ ವಾಪಸು ಬಂದು ಕೇಳಿದರು.

"ಯಾರೂ ಮುಟ್ಟಲಿಲ್ಲವಲ್ಲ, ನಿಮ್ಮ ಪಾಲಿಗೇ ಇರಲಿ ಅಂತ. ತಟ್ಟೆ ಇಟ್ಟಲ್ಲೇ ಇದೆ, ನಿಯಮ ಮುರಿದಿಲ್ಲ."

ಮಾವ ನಕ್ಕರು. ಆ ನಗು ಟ್ಯೂಷನ್ ಮೇಡಂ ಬರುವವರೆಗೆ ಇತ್ತು. ಅವರು ಕನ್ನಡಕ ಸರಿಪಡಿಸಿಕೊಂಡು ರಟ್ಟು ಓದಿದರು. "ಓಹೋ, ಒಳ್ಳೇದೆಲ್ಲ ನಿಮಗೇನಾ ಯಜಮಾನ್ರೇ?"

"ಅಯ್ಯೋ, ಅದರಲ್ಲಿ ಮೈದಾ ಇಲ್ಲ, ಬೆಣ್ಣೆ ಇಲ್ಲ..."

"ಬಿಡಿ ಬಿಡಿ, ಕೊಡೋಕೆ ಮನಸ್ಸಿಲ್ಲ ಅನ್ನಿ." ಜಾಲರಿ ಎತ್ತಿ ಒಂದು ತೆಗೆದರು. ಬಾಗಿಲವರೆಗೆ ಹೋಗಿ, ತಿರುಗಿ ಬಂದು ಇನ್ನೊಂದು ತೆಗೆದರು.

ಮಾವ ಎಷ್ಟು ಬೇಡವೆಂದರೋ ತಟ್ಟೆ ಅಷ್ಟು ಬರಿದಾಯಿತು. ಸುದ್ದಿ ಎದುರಿನ ಹೊಲಿಗೆ ಅಂಗಡಿಗೂ ಮುಟ್ಟಿತು. ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡೇ ದರ್ಜಿ ನುಗ್ಗಿದ. "ಬೆಳಿಗ್ಗೆ ನನಗೆ ಅದಿಲ್ಲ ಇದಿಲ್ಲ ಅಂತ ಹೇಳಿ ಸಾಗಹಾಕಿದ್ರಿ! ಈಗ ಗೊತ್ತಾಯ್ತು ಯಾಕೆ ಅಂತ." ಮಾವ ತಡೆಯುವ ಮೊದಲೇ ಒಂದು ಅವನ ಬಾಯೊಳಗಿತ್ತು.

ಉಳಿದದ್ದು ಒಂದೇ. ಹಿಂದಿನಿಂದ ಬ್ರೆಡ್ಡಿನ ಪರಿಮಳ ಬರತೊಡಗಿತ್ತು. ಮಾವ ಜಾಲರಿಯ ಮೇಲೆ ಅಂಗೈ ಒತ್ತಿ ಹಿಡಿದರು. "ಇನ್ನು ಇದನ್ನ ಯಾರೂ ಮುಟ್ಟೋ ಹಾಗಿಲ್ಲ. ಒಂದು ಉಳಿದ್ರೂ ನಪಾಸು."

ಸೊಸೆ ರಟ್ಟಿನತ್ತ ನೋಡಿದಳು. ತನ್ನ ರಟ್ಟೇ ಈಗ ಮಾವನ ಕಡೆಗೆ ನಿಂತಿತ್ತು.

"ನಾನ್ಯಾಕೆ ಮುಟ್ಲಿ, ಮಾಲೀಕರದ್ದಲ್ವಾ," ಎಂದ ದರ್ಜಿ ಕಣ್ಣುಮುಚ್ಚಿ ಬೆರಳು ನೆಕ್ಕುತ್ತ. "ಒಳಗೆ ಏನೋ ಎಳೆಯುತ್ತಲ್ಲ ಯಜಮಾನ್ರೇ, ಜೇನಿನ ಹಾಗೆ. ಏನದು?"

ಮಾವ ಜಾಲರಿಯ ಅಂಚೆತ್ತಿ ಇಣುಕಿದರು. ತಮ್ಮ ಅಂಗಡಿಯ ತಿಂಡಿಯೊಳಗೆ ಏನಿದೆ ಎಂದು ಅವರಿಗೇ ಗೊತ್ತಿರದಿದ್ದದ್ದು ಅದೇ ಮೊದಲು. ಸೊಸೆಯನ್ನು ಕೇಳಬಹುದಿತ್ತು. ಕೇಳುವ ಜಾತಿಯ ಮನುಷ್ಯರಲ್ಲ ಅವರು.

"ಬ್ರೆಡ್ಡು ಇಳಿಸ್ತಿದೀನಿ!" ಒಲೆಯ ಮನೆಯಿಂದ ಸೊಸೆಯ ಗಂಡ ಕೂಗಿದ. ಸೊಸೆ ಅತ್ತ ತಿರುಗಿ, ಇತ್ತ ತಿರುಗುವಷ್ಟರಲ್ಲಿ ತಟ್ಟೆ ಖಾಲಿ.

"ಮಾವ, ಯಾರು ತಿಂದಿದ್ದು?"

ಮಾವನ ಕೆಳದವಡೆ ಅಲ್ಲಾಡಲು ನೋಡಿತು. ಮೇಲಿನ ಹಲ್ಲು ಬಿಡಲಿಲ್ಲ. ಖರ್ಜೂರ ಎರಡೂ ಸಾಲನ್ನು ಬೆಸೆದು ಬೀಗ ಹಾಕಿತ್ತು. ಅವರು ಒಂದು ಬೆರಳೆತ್ತಿ, ತಾಳು ಎಂದು ಸನ್ನೆ ಮಾಡಿದರು.

"ಈಗ ಹೇಳ್ರೀ ಮೈದಾ ಇಲ್ಲ ಅಂತ!" ದರ್ಜಿ ಹೊಟ್ಟೆ ಹಿಡಿದು ನಕ್ಕ.

ಮಾವ ಕೆನ್ನೆಯುಬ್ಬಿಸಿಕೊಂಡೇ ಶೋಕೇಸಿನ ಬಳಿ ಹೋದರು. ಮೇಲಿನ ಹಲಗೆಯಿಂದ ತಮ್ಮ ಶುಂಠಿ ಬಿಸ್ಕತ್ತಿನ ಭರಣಿ ಎತ್ತಿ ಕೆಳಗಿಟ್ಟರು. ಸೊಸೆಯ ಕೈಯಿಂದ ಒದ್ದೆ ಬಟ್ಟೆ ಕಿತ್ತುಕೊಂಡು, ಮೂಲೆಯಲ್ಲಿ ಮೈದಾದ ಒಂದು ಕಣವೂ ಇರದ ಹಾಗೆ ಹಲಗೆಯನ್ನು ಎರಡೆರಡು ಸಲ ಒರೆಸಿದರು. ಅವಳು ರಟ್ಟನ್ನು ತೆಗೆಯಲು ಹೋದಾಗ ಮಾತ್ರ, ಅದೇ ಬಟ್ಟೆಯಿಂದ ಅವಳ ಕೈ ಮೇಲೆ ಪಟ್ಟೆಂದು ಒಂದು ಕೊಟ್ಟು, ರಟ್ಟನ್ನು ಆ ಖಾಲಿ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿದರು.