ಒಳಗೂ ಇಟ್ಟ ಕುಂಕುಮ

ಆಯುಧಪೂಜೆ ಕಳೆದು ಫ್ಯಾಕ್ಟರಿ ತೆರೆದ ಬೆಳಿಗ್ಗೆ ಶ್ಯಾಮಣ್ಣನ ಕಂಪ್ಯೂಟರ್ ಕಪ್ಪು ಪರದೆಯ ಮೇಲೆ ಒಂದೇ ಸಾಲು ತೋರಿಸಿ ಮೊಂಡು ಹಿಡಿದು ಕೂತಿತು. ಮೂಕಂಡಪಲ್ಲಿಯ ಆ ಶೆಡ್ಡಿನಲ್ಲಿ ಗೇರ್ ಕೊರೆಯುವ ಮೆಷಿನ್ ನಡೆಯುತ್ತಿದ್ದುದೇ ಅದರ ಮಾತಿನ ಮೇಲೆ. ಮೌಸಿಲ್ಲ, ಚಿತ್ರವಿಲ್ಲ; ಪ್ರೋಗ್ರಾಂ ತುಂಬಿದ ಫ್ಲಾಪಿ ತೂರಿಸಿ, ಡಾಸ್ ಎಂಬ ಹಳೇ ಕಾಲದ ತಂತ್ರಾಂಶ ಎದ್ದ ಮೇಲೆ ಅಕ್ಷರ ಕುಟ್ಟಿ ಅಪ್ಪಣೆ ಕೊಡಬೇಕು. ಇಪ್ಪತ್ತೈದು ವರ್ಷದಿಂದ ಆ ಅಪ್ಪಣೆಗಳೆಲ್ಲ ಶ್ಯಾಮಣ್ಣನ ಬೆರಳಿಗೆ ಬಾಯಿಪಾಠ.

"ಇನ್ನೊಂದು ಸಲ ನಿಂತರೆ ಮೆಷಿನ್ ಗುಜರಿಗೆ, ನೀವು ಗೇಟಿಗೆ" ಎಂದು ಇಂಜಿನಿಯರ್ ಮುರಳಿಕೃಷ್ಣ ಹೋದ ತಿಂಗಳೇ ಹೇಳಿದ್ದ. ಗೇಟಿನಲ್ಲಿ ವಾಚ್‌ಮನ್ ಆಗಿ ಕೋಲು ಹಿಡಿದು ಕೂರುವುದು ಶ್ಯಾಮಣ್ಣನಿಗೆ ಸುತರಾಂ ಬೇಕಿರಲಿಲ್ಲ.

ಮುರಳಿಕೃಷ್ಣ ಬಂದು ಫ್ಲಾಪಿ ಹೊರತೆಗೆದು ಅದರ ತಗಡಿನ ಬಾಗಿಲು ಸರಿಸಿದ. ಒಳಗಿನ ಕಪ್ಪು ಬಿಲ್ಲೆಯ ಮೇಲೆ ಗಂಧ, ಗಂಧದ ಮೇಲೆ ಕುಂಕುಮ.

"ಇದೇನ್ರೀ ಶ್ಯಾಮಣ್ಣ?"

"ವರ್ಷಾ ವರ್ಷಾ ಮೇಲ್ಗಡೆ ಇಕ್ತಿದ್ದೆ ಸಾರ್. ನೀವು ಅಂಗಂದ್ರಲ್ಲ, ಭಯ ಆಗೋಯ್ತು. ಕೆಲ್ಸ ಮಾಡೋದು ಒಳಗಿಂದಲ್ವಾ ಅಂತ ಈ ಸಲ ಒಳಗೂ ಇಕ್ಬುಟ್ಟೆ."

ಮುರಳಿಕೃಷ್ಣ ಹಣೆ ಚಚ್ಚಿಕೊಂಡ. "ಇದರ ಕಾಪಿ?"

"ಮನೇಲೈತೆ ಸಾರ್. ಮೆಷಿನ್ ಕೂರ್ಸಿದೋರು ಜೋಪಾನ ಅಂತ ಕೊಟ್ಟಿದ್ರು. ನಮ್ಮನೆಯೋಳು ದೇವ್ರ ಗೂಡಲ್ಲಿ ಇಕ್ಕವ್ಳೆ."

ದೇವರ ಗೂಡು ಎಂದ ಕೂಡಲೇ ಮುರಳಿಕೃಷ್ಣನ ಮುಖ ಇನ್ನಷ್ಟು ಇಳಿಯಿತು.

ಇಬ್ಬರೂ ಬೈಕ್ ಹತ್ತಿ ತೊರಪಲ್ಲಿಗೆ ಹೋದರು. ಶ್ಯಾಮಣ್ಣನ ಹೆಂಡತಿ ರಾಮಲಕ್ಷ್ಮಮ್ಮ ಕೈಕಾಲು ತೊಳೆದುಕೊಂಡೇ ಗೂಡಿಗೆ ಕೈ ಹಾಕಿದಳು. ಅರಿಶಿನದ ಬಟ್ಟೆ ಬಿಚ್ಚಿದರೆ ಫ್ಲಾಪಿಯ ಮೈಮೇಲೆ ಇಪ್ಪತ್ತೈದು ವರ್ಷದ ಕುಂಕುಮ ಹೆಪ್ಪುಗಟ್ಟಿತ್ತು. ಶ್ಯಾಮಣ್ಣ ಹೆಂಡತಿಯತ್ತ ತಿರುಗಿದ.

"ಒಳಗೂ ಇಕ್ಕಿದ್ದೀಯೇನೇ?"

"ಪೂಜಾರಿ ಇಲ್ದೆ ಗರ್ಭಗುಡಿ ಬಾಗ್ಲು ಯಾರಾದ್ರೂ ತೆಗೀತಾರಾ? ಮೇಲೇ ಇಕ್ಕೀನಿ" ಎಂದಳು ಆಕೆ. "ಶುಕ್ರವಾರದ ಪೂಜೆಯೊಳಗೆ ವಾಪಸ್ ತಂದಿಕ್ಬುಡು."

ಫ್ಯಾಕ್ಟರಿಗೆ ಮರಳಿ, ಕುಂಕುಮ ಒರೆಸಿ ತೂರಿಸಿದಾಗ ಪರದೆಯ ಮೇಲೆ ಡಾಸ್ ಎದ್ದಿತು; ಪುಟ್ಟ ಗೆರೆಯೊಂದು ಮಿಣುಕುತ್ತ ಅಪ್ಪಣೆಗೆ ಕಾದಿತು. ಬೀರುವಿನಲ್ಲಿದ್ದ ಖಾಲಿ ಫ್ಲಾಪಿಗೆ ಮೊದಲು ಒಂದು ಕಾಪಿ ತೆಗೆದು, ಆಮೇಲೆ ಶ್ಯಾಮಣ್ಣ ಮೆಷಿನ್ ನಡೆಸಿದ. ಅದು ಗುರ್ರೆಂದಾಗ ಅವನ ಕಣ್ಣು ತುಂಬಿಬಂತು.

ಮುರಳಿಕೃಷ್ಣ ಮೆಷಿನ್ ನಿಂತದ್ದರ ಬಗ್ಗೆ ಹೆಡ್ಡಾಫೀಸಿಗೆ ಕಳಿಸುವ ಫಾರಂ ತುಂಬಲು ಕೂತ. 'ಕಾಪಿ ಇಟ್ಟಿರುವ ಜಾಗ' ಎಂಬಲ್ಲಿ ಬಹಳ ಹೊತ್ತು ಪೆನ್ನು ಕಚ್ಚಿ, ಕೊನೆಗೆ ಬರೆದ: 'ತೊರಪಲ್ಲಿ, ರಾಮಲಕ್ಷ್ಮಮ್ಮನವರ ದೇವರ ಗೂಡು. ಶುಕ್ರವಾರ ಕೊಡುವುದಿಲ್ಲ.'