ಸ್ಟ್ರೆಚರಿಗೆ ಬೇಕಾದ ಜಾಗ

ಸ್ಟ್ರೆಚರ್ ಬಾಗಿಲಿಗೆ ನಾಲ್ಕು ಮೊಳ ಇರುವಾಗ ಸಿಕ್ಕಿಕೊಂಡಿತು. ಅದರ ಮೇಲೆ ಎದೆನೋವಿನಿಂದ ಬೆವರುತ್ತಿದ್ದ ಡೆನ್ಜಿಲ್ ಮಲಗಿದ್ದ. ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಆ ಹಳೇ ಬೆಸ್ತರ ಮನೆಯ ಹಾದಿಯೇ ಇಕ್ಕಟ್ಟು. ಅದರ ಎರಡೂ ಬದಿಗೆ ಅವನ ಹೆಂಡತಿ ಕೆರೆನ್ಸಾ ಕೊಂಡು ಒಟ್ಟಿದ್ದ ಮೇಣದಬತ್ತಿ ಪೆಟ್ಟಿಗೆಗಳು, ಹರಳುಕಲ್ಲು ತುಂಬಿದ ಬುಟ್ಟಿಗಳು, ಕಬ್ಬಿಣದ ಕಡಾಯಿಗಳು, ಬಿಚ್ಚದ ಪಾರ್ಸೆಲ್ಲುಗಳು. ಚಂದ್ರನನ್ನು ದೇವಿಯೆಂದು ಪೂಜಿಸುವ ವಿಕ್ಕಾ ಧರ್ಮ ಹಿಡಿದಾಗಿನಿಂದ ಹುಣ್ಣಿಮೆಗೊಂದು ಹೊಸ ಸಾಮಾನು ಬಾರದಿದ್ದರೆ ಅವಳಿಗೆ ಪೂಜೆ ಮಾಡಿದಂತೆಯೇ ಆಗುತ್ತಿರಲಿಲ್ಲ.

“ಬೇಗ ದಾರಿ ಬಿಡಿಸಿ ಮೇಡಂ, ಹೊತ್ತಿಲ್ಲ,” ಎಂದಳು ಆಂಬುಲೆನ್ಸಿನವಳು. ಕೆರೆನ್ಸಾ ದಾರಿಗಡ್ಡವಾಗಿದ್ದ ಕಪಾಟಿನಿಂದ ಗಾಜಿನ ಚಂದ್ರದೇವಿಯನ್ನು ಎತ್ತಿಕೊಂಡು ಶಾಲಿನಲ್ಲಿ ಸುತ್ತತೊಡಗಿದಳು. “ಒಂದೇ ನಿಮಿಷ. ಇದು ಒಡೆಯುತ್ತೆ.”

ಡೆನ್ಜಿಲ್ ಆಕ್ಸಿಜನ್ ಮಾಸ್ಕ್ ಸರಿಸಿದ. “ಅವಸರ ಬೇಡ ಕಣೇ. ಸರಿಯಾಗಿ ಸುತ್ತು. ನಾನು ಕಾಯ್ತೀನಿ.”

ಅವನು ಚುಚ್ಚಿ ಆಡಿದ್ದರೆ ಅವಳೂ ತಿರುಗಿ ಆಡುತ್ತಿದ್ದಳೇನೋ. ಆದರೆ ಅವನು ನಿಜಕ್ಕೂ ಕಾಯಲು ಸಿದ್ಧನಿದ್ದ, ತುಟಿ ನೀಲಿಗಟ್ಟುತ್ತಿದ್ದರೂ. ಕೆರೆನ್ಸಾಳ ಕೈ ನಿಂತಿತು. ಮರುಕ್ಷಣ ದೇವಿಯನ್ನು ಶಾಲಿನ ಸಮೇತ ಕಿಟಕಿಯಿಂದಾಚೆ ಎಸೆದಳು. ಬುಟ್ಟಿಗಳು, ಕಡಾಯಿಗಳು ಅದರ ಹಿಂದೆಯೇ ಅಂಗಳದ ಕಲ್ಲಿನ ಮೇಲೆ ಬಿದ್ದವು. ಕೊನೆಗೆ ಕಪಾಟನ್ನೇ ತಬ್ಬಿ ಪಕ್ಕದ ಕೋಣೆಗೆ ಎಳೆದಳು. ಸ್ಟ್ರೆಚರ್ ಸರಾಗವಾಗಿ ಹೊಸಿಲು ದಾಟಿತು.

“ಅಯ್ಯೋ, ನಿನ್ನ ದೇವಿ,” ಎಂದ ಡೆನ್ಜಿಲ್, ಅಂಗಳದ ಗಾಜಿನ ಚೂರು ನೋಡಿ.

“ದೇವಿ ಇರೋದು ಮೇಲೆ ಆಕಾಶದಲ್ಲಿ,” ಎಂದು ಅವನ ಮಾಸ್ಕ್ ಸರಿಮಾಡಿದಳು. “ನೀನು ಸುಮ್ನೆ ಉಸಿರಾಡು.”